ಹಲ್ಲು ಬಿದ್ದ ದೇವದೂತ

ನಾನು ಒಂದು ನೀಲಿ ಕಾಗದ. ಹುಟ್ಟುವ ಮೊದಲು ಚಿಂದಿಬಟ್ಟೆಯಾಗಿದ್ದೆ. ಹಡಗಿನವರ ಹರಿದ ಅಂಗಿ, ಯಾರದೋ ಹಳೇ ಲಂಗ, ಎಲ್ಲವನ್ನೂ ಕೊಳೆಸಿ, ಕುಟ್ಟಿ, ಜರಡಿಯಲ್ಲಿ ಎತ್ತಿ ನನ್ನನ್ನು ಮಾಡಿದರು. ಇಂಥ ಹುಟ್ಟಿನ ನನ್ನ ಮೇಲೆ ದೇವರ ತಾಯಿ ಬಂದು ಕೂರುತ್ತಾಳೆಂದು ಯಾರು ತಾನೇ ಅಂದುಕೊಂಡಾರು?

ಇಟಲಿಯ ಬೊಲೋನ್ಯ ಪಟ್ಟಣದಲ್ಲಿ ತದ್ದೇವೊ ಎಂಬ ಮುದುಕ ನನ್ನನ್ನು ಕೊಂಡ. ಇಗರ್ಜಿಗಳಿಗೆ ಗೋಡೆಯಷ್ಟು ದೊಡ್ಡ ಚಿತ್ರ ಬರೆಯುವುದು ಅವನ ಕಸುಬು. ಬಣ್ಣ ಮುಟ್ಟುವ ಮೊದಲು ಎದುರಿಗೆ ಜನರನ್ನು ಕೂರಿಸಿಕೊಂಡು, ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಪಾದ್ರಿಗಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಮಾತೆ ಮರಿಯಳಾಗಿ ಕೂರಲು ಅವನು ಕರೆದದ್ದು ಬಟ್ಟೆ ಒಗೆಯುವ ಒರ್ಸೊಲಾಳನ್ನು. ಕೆಂಪು ಸೀಮೆಸುಣ್ಣ ನನ್ನ ಮೈ ಸೋಕಿತು. ನೋಡನೋಡುತ್ತಿದ್ದಂತೆ ಒಂದು ಹಣೆ ಬಂತು, ಕೆನ್ನೆ ಬಂತು. ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಮಾತೆಯ ಪಾದದ ಬಳಿ ಪುಟ್ಟ ದೇವದೂತ ಬೇಕಿತ್ತು. ಒರ್ಸೊಲಾ ಮೆಲ್ಲಗೆ ಕೇಳಿದಳು.

"ಯಜಮಾನ್ರೇ, ಅಲ್ಲಿ ನನ್ನ ಮಗಳು ನೀನಾನ ಬರೀತೀರಾ? ಜ್ವರದಲ್ಲಿ ಹೋಗಿ ವರ್ಷ ಆಯ್ತು. ಮುಖ ಮರೆತುಹೋಗ್ತಾ ಇದೆ ನಂಗೆ."

"ನಾನು ಆ ಮಗೂನ ನೋಡೇ ಇಲ್ವಲ್ಲಮ್ಮ. ಹೇಳ್ತಾ ಹೋಗು."

ಅವಳು ಹೇಳುತ್ತಾ ಹೋದಳು. ಹುಬ್ಬು ಇನ್ನೂ ಕೆಳಗೆ, ಗಲ್ಲ ಇಷ್ಟು ಚೂಪಿಲ್ಲ, ಮುಂದಿನ ಹಾಲುಹಲ್ಲು ಬಿದ್ದಿತ್ತು. ಅವನು ಒತ್ತಿ ಒತ್ತಿ ಬರೆದ. ಕೊನೆಗೆ ನನ್ನ ಮೇಲೆ ನೀನಾ ನಗುತ್ತಾ ಕೂತಳು. ಅವಳು ಮಗಳನ್ನು ನೋಡಿದ ಆ ನೋಟವನ್ನೇ ತದ್ದೇವೊ ಮಾತೆಯ ಕಣ್ಣಿಗೆ ಇಟ್ಟ.

ಮಾರನೆಯ ದಿನ ಪಾದ್ರಿಗಳು ಬಂದರು.

"ದೇವದೂತನಿಗೆ ಹಲ್ಲು ಬೀಳುತ್ತೇನಯ್ಯಾ? ಇದು ಯಾವುದೋ ಬೀದಿ ಮಗು. ಅಳಿಸು."

ತದ್ದೇವೊ ವಾದಿಸಿದ, ಸೋತ. ಆ ಕಾಲದಲ್ಲಿ ಸೀಮೆಸುಣ್ಣ ಅಳಿಸುತ್ತಿದ್ದದ್ದು ಬ್ರೆಡ್ಡಿನ ತಿರುಳಿನಿಂದ. ಅವನು ತಿರುಳು ಕಿತ್ತು, ಉಂಡೆ ಕಟ್ಟಿ, ಉಜ್ಜಿದ. ನೀನಾ ಕೆಂಪು ಚೂರುಗಳಾಗಿ ಮೇಜಿನ ಮೇಲೆ ಉದುರಿದಳು. ಮೂಲೆಯಲ್ಲಿ ನಿಂತಿದ್ದ ಒರ್ಸೊಲಾ ನೋಡುತ್ತಲೇ ಇದ್ದಳು, ಅಳಲಿಲ್ಲ. ಪಾದ್ರಿಗಳು ಹೋದ ಮೇಲೆ ಮೇಜಿನ ಹತ್ತಿರ ಬಂದು, ಆ ಚೂರುಗಳನ್ನು ಬೆರಳಲ್ಲಿ ಒತ್ತಿ ಒಂದೊಂದಾಗಿ ಎತ್ತಿ ಬಾಯಿಗೆ ಹಾಕಿಕೊಂಡಳು. ಒಂದನ್ನೂ ಬಿಡಲಿಲ್ಲ. ತದ್ದೇವೊ ತಲೆಯ ಟೋಪಿ ತೆಗೆದು ನಿಂತ.

ಆ ಜಾಗದಲ್ಲಿ ಅವನು ಮತ್ತೆ ಏನನ್ನೂ ಬರೆಯಲಿಲ್ಲ. ಬಾಯಿ ಮುಚ್ಚಿದ ದೇವದೂತನನ್ನು ಬೇರೆ ಕಾಗದದಲ್ಲಿ ಬರೆದುಕೊಟ್ಟ. ಅವನು ಸತ್ತ ಮೇಲೆ ನಾನು ಕೈಯಿಂದ ಕೈಗೆ ಹೋದೆ. ಒಬ್ಬ ಶ್ರೀಮಂತ ನನ್ನನ್ನು ಆಲ್ಬಮ್ಮಿಗೆ ಅಂಟಿಸಿದ, ಇನ್ನೊಬ್ಬನ ಮನೆಯಲ್ಲಿ ಹುಳುಗಳು ನನ್ನ ಮೂಲೆ ತಿಂದವು. ಈಗ ಮ್ಯೂಸಿಯಮ್ಮಿನ ಡ್ರಾಯರಿನಲ್ಲಿದ್ದೇನೆ, ಬೆಳಕು ನನ್ನ ನೀಲಿಗೆ ಆಗಿಬರುವುದಿಲ್ಲ. ಮಾತೆ ಶೂನ್ಯವನ್ನು ನೋಡುತ್ತಿದ್ದಾಳೆ ಎಂದು ಪಂಡಿತರು ಬರೆದಿಟ್ಟಿದ್ದಾರೆ. ಶೂನ್ಯವಂತೆ! ನನಗೊಂದು ಬಾಯಿ ಇದ್ದಿದ್ದರೆ ಬುದ್ಧಿ ಹೇಳುತ್ತಿದ್ದೆ.

ಹೋದ ವಾರ, ಹಳೇ ಕಾಗದ ರಿಪೇರಿ ಮಾಡುವ ಪಾವೊಲಾ ನನ್ನ ಪಕ್ಕಕ್ಕೆ ದೀಪವನ್ನು ಓರೆಯಾಗಿ ಹಿಡಿದಳು. ಸೀಮೆಸುಣ್ಣ ಹೋಗಿತ್ತು, ಒತ್ತಿ ಬರೆದ ಗೆರೆಗಳ ತಗ್ಗು ಹೋಗಿರಲಿಲ್ಲ, ಓರೆ ಬೆಳಕಿಗೆ ನೆರಳಾಗಿ ಎದ್ದಿತು. ಅವಳು ಇನ್ನಷ್ಟು ಬಗ್ಗಿ ಆ ಗೆರೆಗಳನ್ನು ಕಣ್ಣಲ್ಲೇ ಹಿಂಬಾಲಿಸಿದಳು. ಆಮೇಲೆ ಪಕ್ಕದ ಮೇಜಿನವನನ್ನು ಕರೆದಳು.

"ಇಲ್ಲಿ ಬಾರೋ. ಯಾವ ಶೂನ್ಯಾನೂ ಅಲ್ಲ. ಇಲ್ಲೊಂದು ಮಗು ಇದೆ. ಮುಂದಿನ ಹಲ್ಲು ಬಿದ್ದಿದೆ, ನಗ್ತಾ ಇದೆ ನೋಡು."

ನಾನೂರು ವರ್ಷ ಒರ್ಸೊಲಾ ಕಣ್ಣು ತೆಗೆಯದೆ ನೋಡುತ್ತಿದ್ದದ್ದು ನೀನಾಳನ್ನೇ.