ಅಮ್ಮ ಹೊರಗೆ ಕೂತಿರಲಿ

ಡಾಕ್ಟರು ನನ್ನ ಮಗಳು ಸ್ವಪ್ನಾಳನ್ನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವಳು ನಾನೇ. ಹೆತ್ತವಳು ಕೊಡದೆ ಇನ್ಯಾರು ಕೊಡಬೇಕು?

“ಹಲ್ಲು ನೋವಲ್ಲ ಡಾಕ್ಟ್ರೇ, ಅದನ್ನೂ ತೋರ್ಸಿ ಆಯ್ತು. ಮಾತಾಡೋವಾಗ ಬಾಯಿಗೆ ವೇಲ್ ಅಡ್ಡ ಹಿಡೀತಾಳೆ. ಶಾಲೇಲಿ ಊಟದ ಡಬ್ಬಿ ಬಿಚ್ಚಲ್ಲ. ಮನೇಲಿ ಮಾತೇ ಇಲ್ಲ.”

ಸಾಗರದ ಆ ಕ್ಲಿನಿಕ್ಕಿನಲ್ಲಿ ದೀಪಶ್ರೀ ಡಾಕ್ಟರು ಹದಿಹರೆಯದ ಮಕ್ಕಳನ್ನೇ ನೋಡುವವರು. ನಗುತ್ತಲೇ, “ಪುಷ್ಪಮ್ಮ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?” ಅಂದರು.

ನನಗೆ ಉರಿದುಹೋಯಿತು. “ನಂಗೆ ಗೊತ್ತಿಲ್ದಿರೋದು ಅವಳಲ್ಲಿ ಎಂತ ಇದೆ?”

“ನಾನು ಸಂಶೋಧನೆ ಮಾಡ್ತಿರೋದೇ ಅದನ್ನ. ಅಮ್ಮ ಪಕ್ಕದಲ್ಲಿದ್ರೆ ಈ ವಯಸ್ಸಿನ ಮಕ್ಕಳು ಯಾವ ಮಾತು ನುಂಗ್ಕೊಳ್ತಾರೆ ಅಂತ.”

ಇದಕ್ಕೂ ಒಂದು ಸಂಶೋಧನೆ! ಹೊರಗಿನ ಬೆಂಚಿನಲ್ಲಿ ಕೂತು ಗೊಣಗಿದೆ. ರವಿಕೆ ಹೊಲಿಯುವ ನನಗೆ ನಮ್ಮ ಕಾರ್ಗಲ್ಲಿನ ಅರ್ಧ ಊರಿನ ಅಳತೆ ಬಾಯಿಪಾಠ, ಹೆತ್ತ ಮಗಳ ಸಂಕಟ ತಿಳಿಯದೇ? ಬಾಗಿಲಿಗೆ ಕಿವಿಯನ್ನೂ ಕೊಟ್ಟೆ. ಹಾಳಾದ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಿತ್ತು. ಇರುವವಳು ಒಬ್ಬಳೇ ಮಗಳು.

ಕೊನೆಗೆ ಡಾಕ್ಟರೇ ಬಂದು ಪಕ್ಕದಲ್ಲಿ ಕೂತರು. “ಹೆದರೋಂಥದ್ದು ಏನಿಲ್ಲ. ವಿಷಯ ಅವಳೇ ಹೇಳ್ಬೇಕು, ನಾನು ಹೇಳಲ್ಲ. ಒಂದು ಮಾತು ಮಾತ್ರ ನಿಮಗೆ ತಿಳಿಸ್ಬಹುದು ಅಂದಿದಾಳೆ. ಯಾರ ಹತ್ರ ಹೇಳ್ಕೋಬೇಕು ಅನ್ಸುತ್ತೆ ಅಂತ ಕೇಳ್ದೆ. ಅಮ್ಮನ ಹತ್ರಾನೇ ಅಂದ್ಲು. ಆದ್ರೆ ಅಮ್ಮ ಒಂದ್ಸಲ ಸುಮ್ನಿರ್ಬೇಕಂತೆ.”

ನಾನು? ಸುಮ್ಮನೆ?

ಊರಿಗೆ ವಾಪಸು ಹೋಗುವ ಬಸ್ಸಿನಲ್ಲಿ ತುಟಿ ಕಚ್ಚಿ ಕೂತೆ. ಟಿಕೆಟಿಗೂ ಬರೀ ಎರಡು ಬೆರಳು ತೋರಿಸಿದೆ. “ಗಂಟ್ಲು ಕಟ್ಟಿದ್ಯಾ ಪುಷ್ಪಕ್ಕ?” ಅಂದ ಕಂಡಕ್ಟರ್. ಅವನಿಗೆ ಕೊಡಬೇಕಾದ ಉತ್ತರವನ್ನೂ ನುಂಗಿಕೊಂಡೆ.

ತಾಳಗುಪ್ಪ ದಾಟಿದ ಮೇಲೆ ಸ್ವಪ್ನಾ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದಳು. “ಅಮ್ಮಾ, ನಂಗೆ ಮೀಸೆ ಬರ್ತಿದೆ. ಕ್ಲಾಸಲ್ಲಿ ಎಲ್ರೂ ‘ಮಾವ’ ಅಂತ ಕರೀತಾರೆ.”

ಆ ಮಕ್ಕಳ ಮನೆ ಬಾಗಿಲಿಗೇ ಹೋಗಿ ಜಾಡಿಸಿ ಬರಬೇಕು ಅನ್ನಿಸಿತು. ಸುಮ್ಮನಿದ್ದೆ. ಊಟಕ್ಕೆ ವೇಲ್ ಇಳಿಸಬೇಕಾಗುತ್ತದೆಂದು ಡಬ್ಬಿ ಬಿಚ್ಚದೆ ಉಳಿದದ್ದು, ಅಪ್ಪನ ರೇಜರ್ ಹಿಡಿದು ಹೆದರಿ ಇಟ್ಟದ್ದು, ‘ಇದು ಎಷ್ಟೋ ಹುಡುಗಿಯರಿಗೆ ಆಗುತ್ತೆ, ರಕ್ತ ಪರೀಕ್ಷೆ ಮಾಡಿ ನೋಡೋಣ’ ಎಂದು ಡಾಕ್ಟರು ಅಂದದ್ದು, ಎಲ್ಲವನ್ನೂ ಅಳುತ್ತ ಹೇಳಿದಳು.

ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. “ಈಗ ನೀನು ಮಾತಾಡ್ಬಹುದು.”

ನಾನು ಅವಳ ವೇಲ್ ಸರಿಸಿ, ಇಡೀ ಬಸ್ಸಿನೆದುರೇ ಕೆನ್ನೆಗೆ ಮುತ್ತು ಕೊಟ್ಟುಬಿಟ್ಟೆ.

“ಥೂ ಅಮ್ಮಾ, ಎಲ್ರೂ ನೋಡ್ತಿದಾರೆ!” ಅಂದಳು.

ವೇಲನ್ನು ಮಾತ್ರ ಮತ್ತೆ ಮೇಲಕ್ಕೆ ಎಳೆದುಕೊಳ್ಳಲಿಲ್ಲ.