ಇಪ್ಪತ್ತು ಬಿಟ್ಟ ಇಸವಿ

ಶಾಂಭವಿಗೆ ಹುಡುಗ ಸಿಕ್ಕಿದ್ದ, ಛತ್ರವೂ ಸಿಕ್ಕಿತ್ತು. ಸಿಗದೆ ಉಳಿದದ್ದು ಅಪ್ಪ ಒಪ್ಪುವ ತಾರೀಕು. ಭದ್ರಾವತಿಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದ ಹಿರಿಯಣ್ಣ ಮೇಷ್ಟ್ರಿಗೆ ಪಂಚಾಂಗದ ತಕರಾರಿರಲಿಲ್ಲ. ದಿನ, ತಿಂಗಳು, ಇಸವಿ ಸೇರಿಸಿ ಬರೆದ ಎಂಟಂಕಿಯ ಸಂಖ್ಯೆ ಅವಿಭಾಜ್ಯವಾಗಿರಬೇಕು, ಅಷ್ಟೇ. ಅಂದರೆ ಒಂದು ಮತ್ತು ಆ ಸಂಖ್ಯೆಯನ್ನೇ ಬಿಟ್ಟು ಬೇರೆ ಯಾವುದರಿಂದಲೂ ಅದು ಶೇಷವಿಲ್ಲದೆ ಭಾಗವಾಗಕೂಡದು. ಗಂಡ ಹೆಂಡತಿಯೂ ಹಾಗೇ ಇರಬೇಕಲ್ಲ ಎಂಬುದು ಅವರ ವಾದ.

2027ರ ಫೆಬ್ರವರಿ ಇಪ್ಪತ್ತೊಂದನ್ನು ಹದಿಮೂರು ಕೆಡಿಸಿತು, ಇಪ್ಪತ್ತೆಂಟನ್ನು ಹನ್ನೊಂದು. ಅಷ್ಟರಲ್ಲಿ ಆ ಎರಡೂ ದಿನ ಛತ್ರ ಬೇರೆಯವರ ಪಾಲಾಯಿತು. ಉಳಿದದ್ದು ಹದಿನಾಲ್ಕು, ಭಾನುವಾರ. ಇದೂ ಬೇಡವೆಂದರೆ ಸಂಬಂಧವೇ ಬೇಡ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದ್ದರು.

ಶಿವಮೊಗ್ಗದ ಸವಳಂಗ ರಸ್ತೆಯ ಬೀಗರ ಮನೆಯಲ್ಲಿ ಮೇಷ್ಟ್ರು ಕಾಫಿ ಮುಟ್ಟದೆ 14022027ರ ಅಂಕಿಗಳನ್ನು ಬೆರಳಲ್ಲೇ ಕೂಡಿದರು. ಹದಿನೆಂಟು. ಪಕ್ಕದಲ್ಲಿದ್ದ ಶಾಂಭವಿ ಕಾಫಿ ಲೋಟವನ್ನು ಅವರತ್ತ ಸರಿಸಿದಳು.

"ಇದು ಭಾಗ ಆಗುತ್ತೆ ಬೀಗರೇ."

ಹುಡುಗನ ತಂದೆ ಹಾಲಸ್ವಾಮಿಯ ಮುಖ ಕಪ್ಪಿಟ್ಟಿತು. "ಯಾರು ಹೇಳಿದ್ರು ನಿಮಗೆ?"

"ಯಾರು ಹೇಳ್ಬೇಕು? ಕೂಡಿ ನೋಡಿದ್ರೆ ಗೊತ್ತಾಗುತ್ತೆ. ಒಂಬತ್ತರಿಂದ ಭಾಗ."

"ಒಂಬತ್ತಾ? ಅಣ್ಣತಮ್ಮಂದಿರು ನಾವಿರೋದೇ ಮೂರು ಜನ. ಮೂರೇ ಭಾಗ ಮಾರಾಯ್ರೆ!"

"ಒಂಬತ್ತರಿಂದ ಆದ್ಮೇಲೆ ಮೂರರಿಂದಲೂ ಆಗ್ಲೇಬೇಕು. ಕೊನೆಗೆ ಏನೂ ಉಳಿಯಲ್ಲ."

"ಏನೂ ಉಳಿಯಲ್ವಾ? ಹೊಳಲೂರಿನ ಎರಡೆಕರೆ ಗದ್ದೆ ನಮ್ಮ ಪಾಲಿಗೇ ಬಂದಿದೆ. ಪತ್ರ ತೋರಿಸ್ಲಾ?" ಹಾಲಸ್ವಾಮಿ ಹೆಂಡತಿಯನ್ನು ಕೂಗಿದರು. "ವೀರಮ್ಮಾ, ಬೀರು ಕೀ ತಾರೇ!"

"ಮಾವ, ಅಪ್ಪ ಹೇಳ್ತಿರೋದು ತಾರೀಕಿನ ಭಾಗ, ಮನೇದಲ್ಲ!" ಎಂದು ಶಾಂಭವಿ ಬಾಯಿ ಹಾಕಿದಳು.

ಯಾರೂ ಕೇಳದ ಗುಟ್ಟನ್ನು ತಾವೇ ಬಿಟ್ಟುಕೊಟ್ಟದ್ದು ಹಾಲಸ್ವಾಮಿಗೆ ಆಗ ಹೊಳೆಯಿತು.

"ನೀವು ಭಾಗ ಆಗಿದ್ದೀರಾ?" ಎಂದರು ಮೇಷ್ಟ್ರು.

"ಹೋದ ಯುಗಾದಿಗೆ ಆದ್ವಿ. ಜಗಳ ಇಲ್ಲ, ಶೇಷವೂ ಇಲ್ಲ."

"ಅದು ನಿಮ್ಮ ಲೆಕ್ಕ. ನನ್ನ ಲೆಕ್ಕಕ್ಕೆ ಈ ತಾರೀಕು ಆಗಲ್ಲ."

ಮೇಷ್ಟ್ರು ಎದ್ದೇಬಿಟ್ಟರು. ಶಾಂಭವಿ ಅವರ ಜೇಬಿನ ಪೆನ್ನು ಕಿತ್ತುಕೊಂಡಳು. "ಅಪ್ಪ, ಶಾಲೇಲಿ ಬೋರ್ಡ್ ಮೇಲೆ ತಾರೀಕು ಹೇಗೆ ಬರೀತಿದ್ರಿ?"

"ಇಸವಿ ಎರಡೇ ಅಂಕಿ. ಸೀಮೆಸುಣ್ಣ ಉಳೀಲಿ ಅಂತ."

"ಹಾಗಾದ್ರೆ ಇದನ್ನ ನೋಡಿ." ಅವಳು 140227 ಎಂದು ಬರೆದಳು.

ಮೇಷ್ಟ್ರು ಕೂತರು. ಅದರ ವರ್ಗಮೂಲ ಮುನ್ನೂರ ಎಪ್ಪತ್ತನಾಲ್ಕು ಚಿಲ್ಲರೆ. 373ರವರೆಗಿನ ಎಪ್ಪತ್ತನಾಲ್ಕು ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಮೊಬೈಲಿನಲ್ಲಿ ನೋಡಬಹುದೆಂದು ಯಾರೋ ಅಂದದ್ದು ಅವರ ಕಿವಿಗೆ ಬೀಳಲಿಲ್ಲ. ಕಾಫಿ ಎರಡು ಸಲ ಬಿಸಿಯಾಯಿತು. ಒಂದೊಂದು ಶೇಷಕ್ಕೂ ಶಾಂಭವಿ ಒಂದೊಂದು ಉಸಿರು ಬಿಟ್ಟಳು. ಕೊನೆಯ 373ಕ್ಕೆ 352 ಉಳಿಯಿತು.

"ಭಾಗ ಆಗಲ್ಲ!" ಎಂದು ಕೂಗಿದ ಮೇಷ್ಟ್ರು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ಹಾಲಸ್ವಾಮಿ ಆಗಲೇ ಪ್ರೆಸ್ಸಿನವನಿಗೆ ಫೋನ್ ಹಚ್ಚಿದ್ದರು. "ಲಗ್ನಪತ್ರಿಕೆಲಿ ಇಸವಿ ಬರೀ ಇಪ್ಪತ್ತೇಳು ಅಂತ ಹಾಕು. ಮೊದಲಿನ ಇಪ್ಪತ್ತು ಬೇಡ. ಯಾಕಾ? ಅದು ಸೇರಿದ್ರೆ ಮೂರು ಭಾಗ ಆಗುತ್ತಂತೆ ಮಾರಾಯ. ಒಂದ್ಸಲ ಆಗಿದ್ದೇ ಸಾಕು!"