ಫೋನು ಹಿಡಿಯುವವಳು

ನನ್ನ ಗಂಡ ತನ್ನನ್ನು ತಾನು ಕಂಡುಕೊಂಡದ್ದು ಇದು ನಾಲ್ಕನೇ ಸಲ. ಮೊದಲು ಜೇಡಿಮಣ್ಣಿನ ಮಡಕೆಯಲ್ಲಿ ಸಿಕ್ಕಿದ, ಆಮೇಲೆ ಜೇನುಪೆಟ್ಟಿಗೆಯಲ್ಲಿ, ಅದಾದ ಮೇಲೆ ಹಳೇ ಕ್ಯಾಮೆರಾಗಳ ರಿಪೇರಿಯಲ್ಲಿ. ಪ್ರತಿ ಸಲವೂ ಸಿಕ್ಕಿದವನಿಗೆ ಊಟಕ್ಕಿಕ್ಕಿದವಳು ನಾನೇ. ವಿಮಾ ಕಂಪನಿಯ ಕೆಲಸ ಬಿಟ್ಟಾಗ, ಆತ್ಮಕ್ಕೆ ಉಸಿರು ಕಟ್ಟುತ್ತಿದೆ ಎಂದಿದ್ದ. ಈಗ ಅದು ಸರಾಗವಾಗಿ ಉಸಿರಾಡುತ್ತಿದೆ; ಮಧ್ಯಾಹ್ನ ಊಟವಾದ ಮೇಲೆ ಗೊರಕೆಯನ್ನೂ ಹೊಡೆಯುತ್ತದೆ.

ಕಂಡುಕೊಂಡದ್ದನ್ನು ಬಚ್ಚಿಟ್ಟುಕೊಳ್ಳುವ ಸ್ವಭಾವ ಅವನದಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಪುಸ್ತಕದ ಕಪಾಟಿನ ಮುಂದೆ ಕುಳಿತು 'ಈಗ ನಾನೆಲ್ಲಿದ್ದೇನೆ' ಎಂಬ ಹೆಸರಿನಲ್ಲಿ ಲೈವ್ ಬರುತ್ತಾನೆ. ಸದ್ಯದ ಗುರಿ, ಹೊಸ ಆಸಕ್ತಿ, ಒಳಗೆ ಆಗುತ್ತಿರುವ ಬದಲಾವಣೆ, ಒಂದನ್ನೂ ಬಿಡುವುದಿಲ್ಲ. ನೋಡುವವರು ನನ್ನ ಅತ್ತೆ, ನಾದಿನಿ, ಅವನ ಹಳೇ ಆಫೀಸಿನ ಒಂದಿಷ್ಟು ಜನ, ಮತ್ತೆ ಬೆರಳು ತಪ್ಪಿ ಬಂದವರು. ಫೋನು ಹಿಡಿಯುವವಳು ನಾನು. ಒಂದು ಸ್ಟ್ಯಾಂಡ್ ತಂದುಬಿಡೋಣ ಎಂದರೆ, ಸ್ಟ್ಯಾಂಡಿಗೆ ಮನಸ್ಸಿರುವುದಿಲ್ಲ, ನೀನು ಹಿಡಿದರೆ ಅದರಲ್ಲಿ ಪ್ರೀತಿ ಕಾಣುತ್ತದೆ ಎಂದ. ಮದುವೆಯಾದ ಹೊಸದರಲ್ಲಿ ಇಂಥ ಮಾತಿಗೆ ಕರಗಿ ನೀರಾಗುತ್ತಿದ್ದೆ. ಈಗ ತೋಳು ನೋಯುತ್ತದೆ, ಅಷ್ಟೇ.

ನನ್ನ ಕೆಲಸ ಹಲ್ಲು ಮಾಡುವುದು. ದಂತವೈದ್ಯರು ಕಳಿಸುವ ಅಚ್ಚು ನೋಡಿಕೊಂಡು, ಪಿಂಗಾಣಿ ಪುಡಿಯನ್ನು ಬ್ರಷ್ಷಿನಿಂದ ಪದರಪದರವಾಗಿ ಕಟ್ಟಿ, ಪುಟ್ಟ ಕುಲುಮೆಯಲ್ಲಿ ಸುಟ್ಟು, ಪಕ್ಕದ ಹಲ್ಲಿನ ಹಳದಿಗೆ ಹೊಂದಿಸುತ್ತೇನೆ. ಬಾಯಿ ತೆರೆದಾಗ ನಾನು ಮಾಡಿದ್ದು ಯಾವುದೆಂದು ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಕೆಲಸ ಕೆಟ್ಟಿತು. ಇದರಲ್ಲಿ ನನ್ನನ್ನು ನಾನು ಕಂಡುಕೊಂಡೆನೇ ಎಂದು ಯಾರೂ ಕೇಳಿರಲಿಲ್ಲ, ಯೋಚಿಸಲು ನನಗೂ ಪುರುಸೊತ್ತಿರಲಿಲ್ಲ. ಅವನು ನಾಲ್ಕನೇ ಸಲ ಸಿಕ್ಕಿದ ವಾರವೇ ನಮ್ಮ ಲ್ಯಾಬಿನ ಒಡತಿ ಕರೆದು, ಸಮುದ್ರದ ಕಡೆಯ ಊರಿನಲ್ಲಿ ಹೊಸ ಲ್ಯಾಬ್ ತೆರೆಯುತ್ತಿದ್ದೇನೆ, ನೀನೇ ಹೋಗಿ ನಡೆಸು, ಸೋಮವಾರ ಉತ್ತರ ಹೇಳು ಎಂದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಹತ್ತಿರ ಎಳೆದುಕೊಂಡಳು.

ಹೋಗಬೇಕೆಂದು ನನಗೆ ಬಹಳ ಆಸೆಯಿತ್ತು. ಅವನೂ ಜೊತೆಗೆ ಬರಲಿ ಎಂಬ ಆಸೆಯೂ ಇತ್ತು. ಎಷ್ಟು ಬೈದುಕೊಂಡರೂ ಅವನಿಲ್ಲದ ಮನೆ ನನಗೆ ಹಿಡಿಸುವುದಿಲ್ಲ. ಹೇಳಲು ವಾರವಿಡೀ ಕಾದೆ. ಊಟಕ್ಕೆ ಕೂತಾಗ ಬಾಯಿ ತೆರೆದರೆ, ಒಂದು ನಿಮಿಷ ಎಂದು ಕೈ ಎತ್ತುತ್ತಿದ್ದ. ಒಳಗೆ ಏನೋ ಸ್ಪಷ್ಟವಾಗುತ್ತಿದೆಯಂತೆ. ಅದು ಸ್ಪಷ್ಟವಾಗುವಷ್ಟರಲ್ಲಿ ತಟ್ಟೆ ಆರಿ ತಣ್ಣಗಾಗುತ್ತಿತ್ತು. ಶನಿವಾರ ತಡೆಯಲಾರದೆ, ನನ್ನನ್ನು ಬೇರೆ ಊರಿಗೆ ಕರೆಯುತ್ತಿದ್ದಾರೆ ಎಂದೇಬಿಟ್ಟೆ. ಅವನು ಕಣ್ಣರಳಿಸಿ, ನಾನೂ ಅದನ್ನೇ ಯೋಚಿಸುತ್ತಿದ್ದೆ, ಮನುಷ್ಯನನ್ನು ಬೇರೆ ಊರುಗಳು ಒಳಗಿನಿಂದ ಕರೆಯುತ್ತವೆ ಎಂದ. ಮಾತು ಚೆನ್ನಾಗಿದೆ, ನಾಳೆಯ ಲೈವ್‌ನಲ್ಲಿ ಹೇಳುತ್ತೇನೆ ಎಂದೂ ಸೇರಿಸಿದ.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತ. ನಾನು ಫೋನು ಹಿಡಿದೆ. ನಾಲ್ಕನೇ ಸಾಕ್ಷಾತ್ಕಾರ ಆಗ ಹೊರಬಿತ್ತು: ಅವನು ಮೂಲತಃ ಕೇಳುಗ. ಇನ್ನೊಬ್ಬರ ಮಾತನ್ನು ಮನಸ್ಸಿಟ್ಟು ಕೇಳುವುದು ಹೇಗೆಂದು ಇನ್ನು ಮುಂದೆ ಜನರಿಗೆ ಕಲಿಸುತ್ತಾನೆ, ಅದೇ ಅವನ ವೃತ್ತಿ. ಕೇಳುವುದರ ಬಗ್ಗೆ ಉಸಿರು ತೆಗೆದುಕೊಳ್ಳದೆ ಮಾತಾಡಿದ. ನಗಬೇಕೋ ಸಿಟ್ಟಾಗಬೇಕೋ ಗೊತ್ತಾಗದೆ ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿದೆ. ಅತ್ತೆ ಚಪ್ಪಾಳೆಯ ಚಿತ್ರ ಕಳಿಸಿದರು. ಅವನಿಗೆ ಇನ್ನಷ್ಟು ಹುರುಪು ಬಂತು. ಇದನ್ನೆಲ್ಲ ಕಲಿತದ್ದು ಮನೆಯಲ್ಲೇ, ಬೇಕಾದರೆ ನನ್ನ ಹೆಂಡತಿಯನ್ನೇ ವಿಚಾರಿಸಿ ಎನ್ನುತ್ತಾ ಎದ್ದುಬಂದು, ಫೋನು ಕಿತ್ತುಕೊಂಡು ನನ್ನ ಕಡೆ ತಿರುಗಿಸಿದ.

"ಹೇಳು," ಅಂದ. "ಮನಸ್ಸಲ್ಲಿ ಇರೋದನ್ನ ಹೇಳು, ನಾನು ಕೇಳ್ತೀನಿ."

ನಾನು ಮಾಸಿದ ಬಟ್ಟೆಯಲ್ಲಿದ್ದೆ, ತಲೆಯನ್ನೂ ಬಾಚಿರಲಿಲ್ಲ. ಆದರೆ ಅವನ ಬಾಯಿ ಮುಚ್ಚಿತ್ತು. ಇಂಥ ಗಳಿಗೆ ಮತ್ತೆ ಯಾವಾಗ ಬಂದೀತೋ ಅನ್ನಿಸಿತು.

"ಹೊಸ ಲ್ಯಾಬ್ ನಡೆಸೋಕೆ ನನ್ನ ಕರೆದಿದಾರೆ, ಬೇರೆ ಊರಲ್ಲಿ. ನಾಳೆ ಹೂಂ ಅಂತೀನಿ. ನೀನೂ ಬಾ ಅಂತ ಕೇಳೋಕೆ ವಾರದಿಂದ ಕಾಯ್ತಿದೀನಿ. ನೀನು ಬರದಿದ್ರೂ ನಾನು ಹೋಗ್ತೀನಿ."

ಕಣ್ಣು ತುಂಬಿಬಂತು, ಒರೆಸಿಕೊಳ್ಳಲಿಲ್ಲ. ಫೋನು ಟಿಂಗ್ ಎಂದಿತು. ಬಂದ ಸಂದೇಶ ಓದಿ ಅವನ ಮುಖ ಸಪ್ಪಗಾಯಿತು. ಹೋಗಿ ಬಾ ಮಗಳೇ ಎಂದು ಅತ್ತೆ ಬರೆದಿದ್ದರೆಂದು ಆಮೇಲೆ ಗೊತ್ತಾಯಿತು. ಅವನು ಒಂದು ಪ್ರಶ್ನೆ ಕೇಳಲಿ ಎಂದು ಕಾದೆ. ಯಾವ ಊರು, ಯಾವಾಗ, ನಿನಗೆ ಇಷ್ಟವೇ, ಯಾವುದಾದರೂ ಸರಿ. ಅವನು ಒಂದು ನಿಮಿಷ ಎನ್ನುವಂತೆ ಕೈ ಎತ್ತಿದ. ಒಳಗೆ ಏನೋ ಸ್ಪಷ್ಟವಾಗುತ್ತಿರುವುದು ನನಗೂ ಕಾಣಿಸಿತು.

"ಹಾಗಾದ್ರೆ," ಅಂದ, "ಮುಂದಿನ ಭಾನುವಾರ ಫೋನ್ ಯಾರು ಹಿಡ್ಕೋತಾರೆ?"

ಲೈವ್ ಇನ್ನೂ ನಡೆಯುತ್ತಿತ್ತು. ಎಲ್ಲರೂ ಮನಸ್ಸಿಟ್ಟು ಕೇಳಿಸಿಕೊಂಡರು.